ದಾರಿಗೆ ಬಿಸಾಡಿದ ಮಗ

ನನ್ನ ಮಗನನ್ನು ನಾನೇ ಬಿಸಾಡಿದೆ. ಹೌದು, ಕೈಯಾರೆ ಬಿಸಾಡಿದೆ. ಮೂರು ದಾರಿ ಕೂಡುವ ಕಡೆ ಹರಕು ಅಕ್ಕಿ ಚೀಲದ ಮೇಲೆ ಮಲಗಿಸಿ, ‘ಇದು ನನಗೆ ಬೇಡ, ಇದು ನನ್ನದಲ್ಲ’ ಎಂದು ಗಂಟಲು ಕಿತ್ತುಹೋಗುವಂತೆ ಕೂಗಿ, ತಿರುಗಿ ನೋಡದೆ ನಡೆದೆ. ಅದನ್ನು ಹಿಡಿದುಕೊಂಡು ಈ ದ್ವೀಪದಲ್ಲಿ ನನ್ನನ್ನು ಆಡಿಕೊಳ್ಳದ ಬಾಯಿಲ್ಲ. ಆಡಿಕೊಳ್ಳಲಿ. ಆದರೆ ಯಾಕೆ ಬಿಸಾಡಿದೆ, ಆಮೇಲೆ ಏನಾಯಿತು ಎಂದು ಕೇಳಿದರೆ ಮಾತ್ರ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನನ್ನ ಹೆಸರು ಲುವಾ. ರಾಕ್ ಯಾ ಕಡೆಯ ಕಾಲುವೆ ಊರಿನವಳು. ಗಂಡ ಸೈಗಾನಿನ ಸೋತ ಸೈನ್ಯದ ಲಾರಿ ಓಡಿಸುತ್ತಿದ್ದ. ಗೆದ್ದವರು ಅವನನ್ನು ಬುದ್ಧಿ ಕಲಿಸುತ್ತೇವೆ ಎಂದು ಕಾಡಿನ ಶಿಬಿರಕ್ಕೆ ಒಯ್ದರು. ಮರ ಕಡಿಸಿ ಕಡಿಸಿ ಅಲ್ಲೇ ಮಣ್ಣು ಮಾಡಿದರು. ಊರಲ್ಲಿ ನನಗೆ ಉಳಿದದ್ದು ಏನೂ ಇರಲಿಲ್ಲ. ಸಿಕ್ಕ ದೋಣಿ ಹತ್ತಿದೆ. ಈಗ ಈ ನಿರಾಶ್ರಿತರ ಶಿಬಿರದಲ್ಲಿದ್ದೇನೆ. ಮಲೇಷ್ಯಾದ ದಡ ಮೋಡವಿಲ್ಲದ ದಿನ ಕಾಣುತ್ತದೆ. ಆದರೆ ಅಲ್ಲಿಗೆ ಹೋಗುವಂತಿಲ್ಲ, ಹಿಂದಕ್ಕೂ ಹೋಗುವಂತಿಲ್ಲ. ಯಾವುದಾದರೂ ದೇಶ ಬಾ ಎನ್ನುವವರೆಗೆ ಇಲ್ಲೇ ಬಿದ್ದಿರಬೇಕು. ಗುಡ್ಡದ ತುಂಬ ಹಲಗೆ ಮತ್ತು ಪ್ಲಾಸ್ಟಿಕ್ ಹೊದಿಕೆಯ ಗುಡಿಸಲು. ಒಂದರ ಬೆನ್ನಿಗೆ ಇನ್ನೊಂದು. ಪಕ್ಕದವನು ಹೂಸಿದರೆ ಇವನು ಮೂಗು ಮುಚ್ಚಿಕೊಳ್ಳಬೇಕು.

ನಾನು ನೀರು ಹೊರುತ್ತೇನೆ. ಇಲ್ಲಿನ ಬಾವಿಗಳಿಗೆ ಪಾಯಿಖಾನೆಯ ನೀರು ಇಳಿದು ಎಲ್ಲ ನಾರುತ್ತವೆ. ಕುಡಿಯುವ ನೀರು ಹಡಗಿನಲ್ಲಿ ಬರುತ್ತದೆ. ಮರದ ಧಕ್ಕೆಯ ಮೇಲೆ ನಿಂತು ತುಂಬಿಸಿಕೊಂಡು, ಬಿದಿರಿನ ಅಡ್ಡೆಯ ಎರಡು ತುದಿಗೆ ಎರಡು ಎಣ್ಣೆ ಡಬ್ಬ ತೂಗಿಸಿ ಗುಡ್ಡ ಹತ್ತಬೇಕು. ಎಲ್ಲರ ಪಾಲಿನ ನೀರು ಅವರವರೇ ಹೊರಬೇಕು ಎಂಬುದು ನಿಯಮ. ಶಿಬಿರ ನಡೆಸುವ ಸಮಿತಿಯ ದೊಡ್ಡವರು ಹೊರುವುದಿಲ್ಲ. ಡಾಕ್ಟರು, ಮೇಷ್ಟ್ರು, ಸೈಗಾನಿನ ಅಂಗಡಿಯವರು ಹೊರುವುದಿಲ್ಲ. ಅವರದ್ದನ್ನು ನಾವು ಹೊರುತ್ತೇವೆ. ಕೂಲಿ ಒಂದು ಡಬ್ಬಿ ಮೀನು, ಇಲ್ಲವೇ ಒಂದು ಪೊಟ್ಟಣ ಶ್ಯಾವಿಗೆ. ನನ್ನ ಬಲ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ದಪ್ಪ ಗಂಟಿದೆ. ಕಾವಲಿನ ಸಿಪಾಯಿಗಳು ಬೇಸರವಾದಾಗ ಡಬ್ಬಕ್ಕೆ ಕಾಲು ಕೊಡುತ್ತಾರೆ. ನೀರು ಚೆಲ್ಲಿದರೆ ನಗುತ್ತಾರೆ. ನಾವೂ ನಗಬೇಕು. ಮುಖ ಗಂಟಿಕ್ಕಿದರೆ ಎರಡನೇ ಡಬ್ಬವೂ ಹೋಗುತ್ತದೆ.

ಮಗು ಹೇಗಾಯಿತು ಎಂದು ಹೇಳಿಬಿಡುತ್ತೇನೆ. ನಮ್ಮ ದೋಣಿಗೆ ಕಡಲ್ಗಳ್ಳರು ಬಂದರು. ಗಂಡಸರನ್ನು ಕೆಳಗೆ ಮೀನು ತುಂಬುವ ಗೂಡಿಗೆ ತಳ್ಳಿ ಮೇಲೆ ಹಲಗೆ ಮುಚ್ಚಿದರು. ಹೆಂಗಸರನ್ನು ಮೇಲೆ ಇಟ್ಟುಕೊಂಡರು. ಇಷ್ಟೇ. ಉಳಿದದ್ದನ್ನು ಹೇಳುವ ದರ್ದು ನನಗಿಲ್ಲ. ಹಲಗೆ ತೆಗೆದ ಮೇಲೆ ಗಂಡಸರು ಹೊರಬಂದು ಸಮುದ್ರ ನೋಡುತ್ತಾ ನಿಂತರು. ಒಬ್ಬನೂ ನಮ್ಮ ಮುಖ ನೋಡಲಿಲ್ಲ. ಅವರಲ್ಲಿ ಖಾಯ್ ಮೇಷ್ಟ್ರೂ ಒಬ್ಬರು. ಇಲ್ಲಿಗೆ ಬಂದು ಇಳಿದ ದಿನ ಸಮಿತಿಯವರು ದಾರಿಯಲ್ಲಿ ಏನಾಯಿತು ಎಂದು ಕೇಳಿದಾಗ ಮೇಷ್ಟ್ರೇ ಮುಂದೆ ಬಂದು, “ಏನೂ ಆಗ್ಲಿಲ್ಲ, ಗಾಳಿ ಚೆನ್ನಾಗಿತ್ತು,” ಎಂದರು. ಅವರ ಹೆಂಡತಿ ಲಿಯೆನ್ ಪಕ್ಕದಲ್ಲೇ ನಿಂತಿದ್ದಳು. ಆ ದಿನದಿಂದ ಅವಳು ಬಾಯಿ ಬಿಟ್ಟದ್ದನ್ನು ನಾನು ಕಾಣೆ. ಮೇಷ್ಟ್ರಿಗೆ ಬಿಳಿಯರ ಭಾಷೆ ಬರುತ್ತಿತ್ತು. ಆಸ್ಪತ್ರೆಯ ದುಭಾಷಿಯಾದರು.

ಅವರು ಏನೂ ಆಗಲಿಲ್ಲ ಎಂದರು. ನನ್ನ ಹೊಟ್ಟೆ ಆಗಿದೆ ಎಂದಿತು. ನೀರಿನ ಸಾಲಿನಲ್ಲಿ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

“ಎಲ್ಲರೂ ಬಂಗಾರಾನ ಅಂಚಿಗೆ ಹೊಲ್ಕೊಂಡು ಬಂದ್ರೆ, ಇವ್ಳು ಹೊಟ್ಟೇಲಿ ಇಟ್ಕೊಂಡು ಬಂದಿದಾಳೆ ಕಣ್ರೇ!”

“ಅಪ್ಪ ಯಾವ ದೇಶದೋನು ಅಂತ ಗೊತ್ತಾದ್ರೆ ಅಲ್ಲಿಗೇ ಕಳಿಸ್ಬೋದಿತ್ತು, ಅಲ್ವೇನೇ ಲುವಾ?”

ನಾನು ಅಡ್ಡೆ ಎತ್ತಿಕೊಂಡು ಹೋದೆ. ಎಂಟನೇ ತಿಂಗಳಿನವರೆಗೂ ಹೊತ್ತೆ.

ನನ್ನ ಜೊತೆ ಇದ್ದವಳು ಚಿನ್ ಅಜ್ಜಿ ಒಬ್ಬಳೇ. ಗುಡಿಸಲಿನ ಅರ್ಧ ಅವಳದ್ದು, ಅರ್ಧ ನನ್ನದು. ಅವಳ ಮಕ್ಕಳು ಮೊಮ್ಮಕ್ಕಳು ಬೇರೆ ದೋಣಿಯಲ್ಲಿ ಹೊರಟವರು ಎಲ್ಲಿಗೂ ತಲುಪಲಿಲ್ಲ. ವೀಳ್ಯದೆಲೆ ಸಿಗದೆ ಗುಡ್ಡದ ಯಾವುದೋ ಎಲೆ ತಂದು ಅಗಿದು ದಿನವಿಡೀ ಉಗಿಯುತ್ತಿದ್ದಳು. ನನ್ನ ಹೆರಿಗೆ ಮಾಡಿಸಿದವಳು ಅವಳೇ. ಬಾಣಂತಿ ಮೈ ಕಾಯಬೇಕೆಂದು ಮೀನಿನ ಡಬ್ಬಿಗಳಲ್ಲಿ ಕೆಂಡ ತುಂಬಿ ನನ್ನ ಹಲಗೆಯ ಕೆಳಗೆ ಇಟ್ಟಳು. ಮಗುವನ್ನು ಎತ್ತಿ ನೋಡಿ, “ಥೂ! ಎಂಥ ಕೋತಿ ಮುಖ. ಇದನ್ನ ನಾಯೀನೂ ಮೂಸಲ್ಲ,” ಎಂದು ಆನಂದದಿಂದ ಅತ್ತಳು. ಡೆಟ್ ಎಂದು ಕರೆದಳು. ಮುರುಟಿದವನು ಎಂದರ್ಥ. ನಮ್ಮಲ್ಲಿ ಮಗುವನ್ನು ಹಾಗೆಯೇ ಕರೆಯಬೇಕು. ಚೆಂದ ಎಂದರೆ ಕಣ್ಣು ಬೀಳುತ್ತದೆ. ಗತಿಯಿಲ್ಲದೆ ಅಲೆಯುವ ಪ್ರೇತಗಳು ಚೆಂದದ್ದನ್ನೇ ಹುಡುಕುತ್ತಿರುತ್ತವೆ. ಈ ದ್ವೀಪದ ಸುತ್ತ ಅವಕ್ಕೇನು ಕೊರತೆ? ಸಮುದ್ರದ ತುಂಬ ಮಣ್ಣು ಕಾಣದ ನಮ್ಮವರೇ.

ಡೆಟ್ ತಿಂಗಳು ತುಂಬಿ ಮೈ ಹಿಡಿದ. ಆಗ ಬಂದಳು ಬಿಳಿ ನರ್ಸಮ್ಮ. ಒಳ್ಳೆಯವಳೇ. ಮಕ್ಕಳ ಸಿಂಬಳವನ್ನು ತನ್ನ ಕರ್ಚೀಫಿನಿಂದಲೇ ಒರೆಸುತ್ತಿದ್ದಳು. ಡೆಟ್‌ನನ್ನು ಎತ್ತಿ ಮೇಲಕ್ಕೆ ಆಡಿಸುತ್ತಾ ತನ್ನ ಭಾಷೆಯಲ್ಲಿ ಏನೇನೋ ಅಂದಳು. ಖಾಯ್ ಮೇಷ್ಟ್ರು ಅದನ್ನು ಒಂದಕ್ಷರ ಬಿಡದೆ ಹೇಳಿದರು: “ಎಷ್ಟು ಚೆಂದದ ಮಗು, ಎಷ್ಟು ದುಂಡಗಿದೆ, ಇಡೀ ಶಿಬಿರದಲ್ಲೇ ಇಂಥ ಮಗು ನೋಡಿಲ್ಲ ಅಂತಾರೆ.”

ಅಜ್ಜಿ ಬಾಯಲ್ಲಿದ್ದ ಎಲೆಯನ್ನೆಲ್ಲ ಉಗಿದಳು. “ಏನ್ ಮೇಷ್ಟ್ರೇ! ಅವಳಿಗಂತೂ ತಿಳಿಯಲ್ಲ, ನಿಮಗೂ ತಿಳಿಯಲ್ವಾ? ಅವಳ ಭಾಷೇಲಿ ಅಂದಿದ್ರೆ ಪ್ರೇತಗಳಿಗೆ ಅರ್ಥ ಆಗ್ತಿರ್ಲಿಲ್ಲ. ನೀವು ನಮ್ಮ ಮಾತಲ್ಲಿ ಬಿಡಿಸಿ ಬಿಡಿಸಿ ಹೇಳಿದ್ರಲ್ಲ!”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಅಜ್ಜೀ, ಅವೆಲ್ಲ ಊರಲ್ಲೇ ಬಿಟ್ಟು ಬಂದಾಯ್ತು. ನಾಳೆ ದೊಡ್ಡ ದೇಶಕ್ಕೆ ಹೋಗೋರು ನಾವು. ಸ್ವಲ್ಪ ಮರ್ಯಾದೆ ಕಲೀಬೇಕು.”

“ಮರ್ಯಾದೆ ದೋಣೀಲೇ ನೋಡಿದ್ವಲ್ಲ,” ಎಂದೆ ನಾನು. ಅವರು ನರ್ಸಮ್ಮನನ್ನು ಕರೆದುಕೊಂಡು ಮುಂದಿನ ಗುಡಿಸಲಿಗೆ ಹೋದರು.

ಅದರ ಮಾರನೆಯ ದಿನದಿಂದ ಡೆಟ್‌ಗೆ ಜ್ವರ. ನಂಬಿ, ಬಿಡಿ. ಆಸ್ಪತ್ರೆಯಲ್ಲಿ ಕೆಂಪು ಔಷಧಿ ಕೊಟ್ಟರು. ಕುಡಿದದ್ದು ಕುಡಿದ ಹಾಗೆ ಕಕ್ಕಿದ. ಮೊಲೆ ಹಿಡಿಯಲಿಲ್ಲ. ಕಣ್ಣು ಮೇಲೆ ಸಿಕ್ಕಿಸಿಕೊಂಡು ಗೊರಗೊರ ಅನ್ನುತ್ತಿದ್ದ. ಅಜ್ಜಿ ಅವನ ಅಂಗಾಲು ಮುಟ್ಟಿ ನೋಡಿದಳು.

“ನೀರಿನವು ಹಿಡ್ಕೊಂಡಿವೆ ಕಣೇ. ಇವನನ್ನ ಬಿಸಾಡ್ಬೇಕು.”

“ಅಜ್ಜೀ...”

“ಅಳ್ಬೇಡ. ನಿಮ್ಮೂರಲ್ಲಿ ಮಾಡಲ್ವಾ? ಬೆಳಗಿನ ಹೊತ್ತು ಮೂರು ದಾರಿ ಸೇರೋ ಕಡೆ ಇಡು. ನನ್ನದಲ್ಲ ಅಂತ ಜೋರಾಗಿ ಕೂಗು. ತಾಯಿಗೇ ಬೇಡದ್ದು ನಮಗ್ಯಾಕೆ ಅಂತ ಅವು ಬಿಟ್ಟು ಹೋಗ್ತಾವೆ. ನಾನು ಹಿಂದಿನಿಂದ ಬಂದು, ಅಯ್ಯೋ ಯಾರೋ ಮಗು ಎಸೆದು ಹೋಗಿದಾರಲ್ಲ ಅಂತ ಎತ್ಕೋತೀನಿ. ಆಮೇಲೆ ಅವನು ನನ್ನ ಮಗ. ನಿನ್ನ ಹತ್ರ ಹಾಲಿಗೆ ಬಿಡ್ತೀನಿ, ಅಷ್ಟೇ. ನಿನ್ನನ್ನ ಅವನು ಅತ್ತೆ ಅನ್ಬೇಕು, ಅಮ್ಮ ಅನ್ಬಾರ್ದು.” ಆಮೇಲೆ ನನ್ನ ಗಲ್ಲ ಹಿಡಿದು ಕಣ್ಣಲ್ಲಿ ಕಣ್ಣಿಟ್ಟಳು. “ನನ್ನ ಕೈ ತಗುಲೋ ತನಕ ಯಾರು ಏನೇ ಕೇಳಲಿ, ನನ್ನದು ಅಂತ ಬಾಯಿ ತಪ್ಪಿಯೂ ಅನ್ಬೇಡ. ಅಂದ್ಯೋ, ಹೊತ್ತು ಮುಳುಗೋದ್ರೊಳಗೆ ಹೋಗ್ತಾನೆ.”

ಊರಲ್ಲಿ ನನ್ನ ತಮ್ಮನನ್ನು ಹೀಗೆಯೇ ಬಿಸಾಡಿ ಉಳಿಸಿಕೊಂಡಿದ್ದರು. ನಮ್ಮ ಕಾಲುವೆಯ ಉದ್ದಕ್ಕೂ ಮನೆಗೊಬ್ಬ ಬಿಸಾಡಿದ ಮಗ ಇದ್ದ. ಅಲ್ಲಿ ಬಿಸಾಡಿದರೆ ಎತ್ತಿಕೊಳ್ಳುವವರು ನಮ್ಮವರೇ ಇರುತ್ತಿದ್ದರು. ಇಲ್ಲಿ ಕಾವಲಿನವನಿದ್ದಾನೆ ಎಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಬೆಳಗಿನ ಸೈರನ್ ಆಗುವ ಮುಂಚೆ ಗುಡಿಸಲು ಬಿಟ್ಟು ಹೊರಡುವಂತಿಲ್ಲ. ನೀರು ಹೊರುವ ನಮಗೆ ಮಾತ್ರ ವಿನಾಯಿತಿ. ನಾನು ಡೆಟ್‌ನನ್ನು ಪಾಯಿಖಾನೆಯ ದಾರಿ, ಧಕ್ಕೆಯ ದಾರಿ, ಆಸ್ಪತ್ರೆಯ ದಾರಿ ಸೇರುವ ಕಡೆ ಮಲಗಿಸಿದೆ. ಕೂಗಿದೆ. ನಡೆದೆ. ಪಾಯಿಖಾನೆಯ ಗೋಡೆಯ ಹಿಂದೆ ನಿಂತು ಅಜ್ಜಿಯ ದನಿಗಾಗಿ ಕಾದೆ. ಅಜ್ಜಿ ಬರಲಿಲ್ಲ. ದಾರಿಯಲ್ಲಿ ಸಿಪಾಯಿ ಅವಳನ್ನು ಹಿಡಿದು, ಸೈರನ್ ಆಗದೆ ಹೊರಬಂದೆಯಾ ಎಂದು ಕಿವಿ ಹಿಡಿಸಿ ಕುಕ್ಕರುಗಾಲಲ್ಲಿ ಕೂರಿಸಿದ್ದ. ಅವಳ ವಯಸ್ಸಿಗೆ ಅವನು ಮೊಮ್ಮಗನಾಗಬೇಕಿತ್ತು.

ನನಗೆ ಕೇಳಿಸಿದ್ದು ನರ್ಸಮ್ಮನ ಚೀರು. ಓಡಿ ಬಂದೆ. ಅವಳು ಡೆಟ್‌ನನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಮೇಷ್ಟ್ರು.

“ಲುವಾ, ಇದು ನಿನ್ನ ಮಗು ತಾನೇ? ಕೇಳ್ತಿದಾರೆ.”

ಹೂಂ ಎಂದರೆ ಪ್ರೇತಗಳು ಒಯ್ಯುತ್ತವೆ. ಅಲ್ಲ ಎಂದರೆ ಇವರು ಒಯ್ಯುತ್ತಾರೆ. ಅದು ನನಗೆ ಆಗ ತಿಳಿಯಲಿಲ್ಲ. ಪ್ರೇತಗಳು ಒಯ್ಯುವುದು ಮಾತ್ರ ತಿಳಿದಿತ್ತು.

“ಅಲ್ಲ,” ಎಂದೆ. “ಮೇಷ್ಟ್ರೇ, ಅಲ್ಲೇ ಕೆಳಗೆ ಇಡೋಕೆ ಹೇಳಿ. ಎತ್ಕೊಳ್ಳೋರು ಬರ್ತಿದಾರೆ. ನಿಮಗೆ ಗೊತ್ತಲ್ಲ. ಒಂದ್ ಗಳಿಗೆ ಇರೋಕೆ ಹೇಳಿ.”

ಮೇಷ್ಟ್ರಿಗೆ ಗೊತ್ತಿತ್ತು. ಅವರೂ ಅದೇ ನದಿಯ ನೀರು ಕುಡಿದವರು. ಅವರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಬಿಳಿ ಹೆಂಗಸಿನ ಎದುರು ನಮ್ಮ ಜನ ದೆವ್ವಕ್ಕೆ ಹೆದರಿ ಮಗುವನ್ನು ದಾರಿಯಲ್ಲಿಡುತ್ತಾರೆ ಎಂದು ಹೇಳಲು ಅವರಿಗೆ ನಾಚಿಕೆ. ಒಂದೇ ಒಂದು ಮಾತು ಹೇಳಿದರು. ನರ್ಸಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಹೇಲು ತುಳಿದವಳು ಕಾಲು ನೋಡಿಕೊಳ್ಳುವ ನೋಟ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಕಡೆ ಓಡಿದಳು.

“ಏನಂದ್ರಿ ಮೇಷ್ಟ್ರೇ?”

“ನೀನು ಅಂದದ್ದನ್ನೇ. ಅವಳದ್ದಲ್ಲವಂತೆ ಅಂದೆ.”

ಅಜ್ಜಿ ಕುಂಟುತ್ತಾ ಬಂದಾಗ ಅಕ್ಕಿ ಚೀಲ ಮಾತ್ರ ಬಿದ್ದಿತ್ತು. ಅವಳು ಎದೆ ಬಡಿದುಕೊಂಡಳು. ಎತ್ತದ ಮಗು ಯಾರದ್ದೂ ಅಲ್ಲ. ನನ್ನದಲ್ಲ ಎಂದು ನಾನು ಅಂದಾಗಿತ್ತು. ತನ್ನದು ಎಂದು ಅವಳು ಅಂದಿರಲಿಲ್ಲ. ನೇರ ಆಸ್ಪತ್ರೆಗೆ ಹೋಗಿ, ಅಂಗಳದಲ್ಲಿ ನಿಂತು, “ನನ್ನ ಮಗು ಕೊಡಿ, ಅದು ನನ್ನದು,” ಎಂದು ಕೂಗಿದಳು. ಹಲ್ಲಿಲ್ಲದ ಮುದುಕಿ. ಔಷಧಿಗೆ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. “ಈ ವಯಸ್ಸಲ್ಲಿ ಯಾರಜ್ಜೀ ಕೈ ಕೊಟ್ಟೋನು?” ಎಂದು ಒಬ್ಬ ಕೇಳಿದ. ನರ್ಸಮ್ಮ ಅವಳಿಗೆ ಬುದ್ಧಿಭ್ರಮಣೆ ಎಂದುಕೊಂಡು ಎರಡು ಬಿಸ್ಕತ್ತು ಕೊಟ್ಟು ಕಳಿಸಿದಳು. ಅಜ್ಜಿ ಅದನ್ನು ಹಿಡಿದುಕೊಂಡೇ ಬಂದಳು. ಮೂಲೆಯಲ್ಲಿ ಇಟ್ಟಳು. ಇಲಿ ತಿಂದಿತು.

ತಾಯಿತಂದೆ ಇಲ್ಲದ ಮಕ್ಕಳಿಗೆಂದು ಒಂದು ಉದ್ದ ಕೊಠಡಿ ಇದೆ. ಸುತ್ತ ತಂತಿ ಜಾಲರಿ. ಡೆಟ್‌ನನ್ನು ಅಲ್ಲಿಟ್ಟರು. ಕೈಗೆ ಸೂಜಿ ಚುಚ್ಚಿ ನೀರು ಹನಿಸಿದರು. ಜ್ವರ ಬಿಟ್ಟಿತು. ನರ್ಸಮ್ಮ ತನ್ನ ಔಷಧಿಯಿಂದ ಎಂದಳು. ಅಜ್ಜಿ ಬಿಸಾಡಿದ್ದರಿಂದ ಎಂದಳು. ನನಗೆ ಯಾರು ಸರಿಯೋ ಬೇಕಾಗಿರಲಿಲ್ಲ. ಮಗು ಬೇಕಾಗಿತ್ತು.

ಆ ಕೊಠಡಿಗೂ ನೀರು ಹಾಕುವವಳು ನಾನೇ. ಇದನ್ನು ಸರಿಯಾಗಿ ಕೇಳಿ. ನನ್ನ ಮಗನ ಹಾಲಿನ ಪುಡಿ ಕಲಸುವ ನೀರನ್ನು ನಾನೇ ಹೊತ್ತು ತಂದು ಬಾಗಿಲ ಹೊರಗಿನ ಪೀಪಾಯಿಗೆ ಸುರಿಯುತ್ತಿದ್ದೆ. ಒಳಗೆ ಕಾಲಿಡುವಂತಿಲ್ಲ. ಜಾಲರಿಯ ಆಚೆ ಅವನು ಅತ್ತರೆ ಈಚೆ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಎದೆ ಕಲ್ಲಾಗಿ ಕೈ ಎತ್ತಲು ಆಗುತ್ತಿರಲಿಲ್ಲ. ಅಡ್ಡೆಯ ಕೆಳಗೆ ನಡೆಯುವಾಗ ಹಾಲು ಹೊಟ್ಟೆಯ ಮೇಲೆ ಇಳಿಯುತ್ತಿತ್ತು. ಪಾಯಿಖಾನೆಯ ಹಿಂದೆ ನಿಂತು ಗೋಡೆಗೆ ಹಿಂಡುತ್ತಿದ್ದೆ. ಇರುವೆ ಸಾಲು ಬರುತ್ತಿತ್ತು. ತೆವಳುವ ಇರುವೆಗೆ ನನ್ನ ಹಾಲು ಸಿಕ್ಕಿತು, ನನ್ನ ಮಗನಿಗೆ ಸಿಗಲಿಲ್ಲ.

ನರ್ಸಮ್ಮನ ಹತ್ತಿರ ಹೋಗಿ ಕೈ ಮುಗಿದೆ. ಅವಳು ಮುಖ ತಿರುಗಿಸಿದಳು. ಅವಳಿಗೆ ನನ್ನ ಮಾತು ತಿಳಿಯದು. ನನ್ನ ಮಾತು ಅವಳಿಗೆ ತಲುಪಬೇಕಾದರೆ ಒಂದೇ ಬಾಯಿ. ಆ ಬಾಯಿಯನ್ನು ಹುಡುಕಿಕೊಂಡು ಹೋದೆ. ಮೇಷ್ಟ್ರು ಗುಡಿಸಲಿನಲ್ಲಿ ಗಡ್ಡ ಹೆರೆಯುತ್ತಿದ್ದರು. ನಾನು ತಂದ ನೀರಿನಲ್ಲಿ. ಲಿಯೆನ್ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಮೇಷ್ಟ್ರೇ, ಅವನು ಯಾರ ಮಗ ಅಂತ ನೀವು ಒಂದ್ ಮಾತು ಹೇಳಿ ಸಾಕು. ನಾನು ಅನ್ನೋ ಹಾಗಿಲ್ಲ.”

“ಹೇಳೋದು ಸುಲಭ ಲುವಾ. ಆಮೇಲೆ ಕೇಳ್ತಾರೆ, ಮತ್ತೆ ಯಾಕೆ ಎಸೆದಳು ಅಂತ.”

“ಯಾಕೆ ಅಂತ ನಿಮಗೆ ಗೊತ್ತು.”

“ಅದನ್ನ ಅವರ ಭಾಷೇಲಿ ಹೇಗೆ ಹೇಳ್ಲಿ? ನಮ್ಮನ್ನೆಲ್ಲ ಕಾಡುಜನ ಅಂದ್ಕೊಳ್ತಾರೆ. ಅಷ್ಟೇ ಅಲ್ಲ. ತಂದೆ ಯಾರು ಅಂತಾರೆ. ದೋಣಿ ವಿಷ್ಯ ಬರುತ್ತೆ. ಏನೂ ಆಗ್ಲಿಲ್ಲ ಅಂತ ನಾನು ಹೇಳಿ ಆಗಿದೆ. ಈಗ ನಮ್ಮ ಕರೆ ಬರೋ ಹೊತ್ತು.” ಕ್ಷೌರದ ಬ್ಲೇಡನ್ನು ನೀರಿನಲ್ಲಿ ಅಲ್ಲಾಡಿಸಿದರು. ದನಿ ಮೆದುವಾಯಿತು. “ಯೋಚ್ನೆ ಮಾಡು ತಂಗೀ. ಮಕ್ಕಳಿಲ್ಲದ ಒಳ್ಳೇ ಜನ ದತ್ತು ತಗೊಳ್ತಾರೆ, ದೊಡ್ಡ ದೇಶ. ಹುಡುಗ ಬದುಕ್ಕೊಳ್ತಾನೆ. ನೀನೂ ಹಗುರಾಗ್ತೀಯ. ಆ ಮುಖ ನೋಡಿದಾಗೆಲ್ಲ ನಿನಗೆ ಅದೇ ನೆನಪಾಗಲ್ವಾ?”

“ನನಗೆ ಅವನ ಮುಖ ನೋಡಿದ್ರೆ ಅವನ ಮುಖ ಕಾಣುತ್ತೆ. ನಿಮ್ಮ ಮುಖ ನೋಡಿದ್ರೆ ದೋಣಿ ನೆನಪಾಗುತ್ತೆ.”

ಮೂಲೆಯಲ್ಲಿ ಅಕ್ಕಿ ಆರಿಸುವ ಸದ್ದು ನಿಂತಿತು. ಮೇಷ್ಟ್ರು ಬಾಗಿಲು ತೋರಿಸಿದರು. ಬಾಗಿಲು ಎಂದರೆ ಗೋಣಿ ಪರದೆ. ಅಲ್ಲಿಂದ ಅವರ ಮನೆಗೆ ನೀರು ಹಾಕುವುದನ್ನು ಬಿಟ್ಟೆ.

ಕೆಲವು ದಿನದ ಮೇಲೆ ಧ್ವನಿವರ್ಧಕ ಕೂಗಿತು. ಇಲ್ಲಿ ನಮ್ಮ ಹಣೆಬರಹ ಓದುವುದು ಅದೇ. ಮಾರನೆಯ ಬೆಳಿಗ್ಗೆ ದ್ವೀಪ ಬಿಡುವವರ ಹೆಸರು ಓದಿದರು. ಕೊನೆಯಲ್ಲಿ, ‘ಹೆಸರಿಲ್ಲದ ಒಂದು ಗಂಡು ಮಗು, ನರ್ಸ್ ಜೊತೆಗೆ’ ಎಂದರು. ಎಂದಿನ ಹಾಗೆ ಬೀಳ್ಕೊಡುಗೆಯ ಹಾಡು ಹಾಕಿದರು. ಅವನಿಗೆ ಹೆಸರಿತ್ತು.

ಮಾರನೆಯ ಬೆಳಿಗ್ಗೆ ನಾನು ಎಲ್ಲರ ಹಾಗೆ ಅಡ್ಡೆ ಹೊತ್ತು ಧಕ್ಕೆಗೆ ಹೋದೆ. ನೀರಿನ ಹಡಗು ಒಂದು ಕಡೆ, ಜನ ಒಯ್ಯುವ ದೋಣಿ ಇನ್ನೊಂದು ಕಡೆ. ಧಕ್ಕೆ ಅಗಲವಿಲ್ಲ. ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕು. ಹೊರಡುವವರು ಗಂಟುಮೂಟೆ ಹಿಡಿದು ಬರುತ್ತಿದ್ದರು. ನಡುವೆ ನರ್ಸಮ್ಮ. ಅವಳ ಎದೆಯ ಮೇಲೆ ಹೊಸ ಟೋಪಿ ಹಾಕಿಕೊಂಡು ಡೆಟ್. ದಪ್ಪವಾಗಿದ್ದ. ಮೇಷ್ಟ್ರು ಅವಳ ಚೀಲ ಹಿಡಿದಿದ್ದರು. ಅವರ ಹಿಂದೆ, ಯಾರನ್ನೋ ಬೀಳ್ಕೊಡಲು ಬಂದವಳ ಹಾಗೆ, ಲಿಯೆನ್.

ನಾನು ಡಬ್ಬ ಕೆಳಗಿಟ್ಟೆ. ಅಡ್ಡೆಯನ್ನು ಬಿಚ್ಚಿ, ಧಕ್ಕೆಯ ಎರಡೂ ಕಡೆಯ ಗೂಟಕ್ಕೆ ಅಡ್ಡಲಾಗಿ ಹಿಡಿದು ನಿಂತೆ.

“ದಾರಿ ಬಿಡು ಲುವಾ,” ಎಂದರು ಮೇಷ್ಟ್ರು.

“ಬಿಡಲ್ಲ.”

“ಹುಚ್ಚು ಹಿಡೀತಾ ನಿನಗೆ? ದೋಣಿ ಹೊರಡ್ಬೇಕು!”

“ಹೊರಡಲಿ. ಅವನನ್ನ ಇಳಿಸಿ ಹೊರಡಲಿ.”

ಸಿಪಾಯಿ ಬಂದ. ಅವನ ಭಾಷೆಯಲ್ಲಿ ಬೈದ. ಕೋಲಿನಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದ. ಬಿದಿರು ಬಿಡಲಿಲ್ಲ. ಹೆಗಲಿನ ಗಂಟಿನ ಮೇಲೆ ಹೊಡೆದ. ಅದು ನೋಯುವ ಕಾಲ ಎಂದೋ ಮುಗಿದಿತ್ತು. ನನ್ನ ಹಿಂದೆ ನೀರು ಹೊರುವ ಹೆಂಗಸರೆಲ್ಲ ನಿಂತರು. ಬಂಗಾರದ ಮಾತಾಡಿ ನಕ್ಕವಳೂ ಇದ್ದಳು. ಒಬ್ಬಳು ಡಬ್ಬ ಇಳಿಸಿದಳು. ಇನ್ನೊಬ್ಬಳು ಇಳಿಸಿದಳು. ನೀರಿನ ಹಡಗಿನವನು ಕೂಗುತ್ತಲೇ ಇದ್ದ. ಯಾರೂ ಕದಲಲಿಲ್ಲ.

ಆಗ ಡೆಟ್ ನನ್ನ ದನಿ ಕೇಳಿ ಅಳತೊಡಗಿದ. ಹಾಲು ನುಗ್ಗಿತು. ರವಿಕೆಯ ಎರಡೂ ಕಡೆ ತೊಯ್ದು ಹೊಟ್ಟೆಯವರೆಗೆ ಇಳಿಯಿತು. ನರ್ಸಮ್ಮ ಅದನ್ನೇ ನೋಡಿದಳು. ಮೇಷ್ಟ್ರ ಕಡೆ ತಿರುಗಿ ಏನೋ ಕೇಳಿದಳು.

ಮೇಷ್ಟ್ರು ನನ್ನನ್ನು ಕೇಳಿದರು. ಅದೇ ಪ್ರಶ್ನೆ. “ಇದು ನಿನ್ನ ಮಗುವಾ?”

ಧಕ್ಕೆಯ ಹಲಗೆಗಳ ನಡುವೆ ನೀರು ಕಾಣುತ್ತಿತ್ತು. ಕಪ್ಪಗೆ ಏರುತ್ತಿತ್ತು, ಇಳಿಯುತ್ತಿತ್ತು. ಅವೆಲ್ಲ ಅಲ್ಲೇ ಇದ್ದವು, ಕಿವಿ ನಿಮಿರಿಸಿಕೊಂಡು. ಇನ್ನೂ ಅಜ್ಜಿಯ ಕೈ ತಗುಲದ ಮಗು. ನನ್ನದು ಎಂದರೆ ಹೊತ್ತು ಮುಳುಗುವುದರೊಳಗೆ. ಸುಳ್ಳು ಯಾಕೆ ಹೇಳಲಿ, ಸಿಪಾಯಿಯ ಕೋಲಿಗೆ ಹೆದರದ ನಾನು ಆ ನೀರಿಗೆ ಹೆದರಿದೆ.

ಜನರ ಹಿಂದಿನಿಂದ ಅಜ್ಜಿಯ ಕೂಗು ಬಂತು. “ಹೇಳೇ! ಹೇಳಿಬಿಡೇ ಮುಂಡೇದೇ! ಅವಕ್ಕೆ ಬೇಕಾದ್ರೆ ನಾನಿದೀನಿ, ನನ್ನನ್ನ ತಗೊಳ್ಳಲಿ!”

“ನನ್ನ ಮಗ!” ಎಂದೆ. ನೀರಿನ ಕಡೆ ಬಗ್ಗಿ ಇನ್ನೊಮ್ಮೆ ಕೂಗಿದೆ. “ನನ್ನ ಮಗ! ನಾನು ಹೆತ್ತೋನು! ಕಡಲ್ಗಳ್ಳರು ಕೆಡಿಸಿದ ಹೊಟ್ಟೆ ಇದು, ಆ ಹೊಟ್ಟೇಲಿ ಹುಟ್ಟಿದ ನನ್ನ ಮಗ! ಕೊಡಿ ಇಲ್ಲಿ!”

ಮೇಷ್ಟ್ರು ನರ್ಸಮ್ಮನಿಗೆ ಎರಡು ಮಾತು ಹೇಳಿದರು. ಕೈಯನ್ನು ತಲೆಯ ಹತ್ತಿರ ತಿರುಗಿಸಿದರು. ಹುಚ್ಚು ಎಂಬುದಕ್ಕೆ ಎಲ್ಲ ದೇಶದಲ್ಲೂ ಅದೇ ಕೈ.

ಆಗ ಲಿಯೆನ್ ಬಾಯಿ ಬಿಟ್ಟಳು. ಅವಳಿಗೂ ಆ ಭಾಷೆ ಬರುತ್ತಿತ್ತು. ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಕಲಿತವಳಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ, ಯಾರೂ ಅವಳನ್ನು ಕೇಳಿರಲಿಲ್ಲ. ಗಂಡನನ್ನು ಪಕ್ಕಕ್ಕೆ ಸರಿಸಿ ನರ್ಸಮ್ಮನ ಎದುರು ನಿಂತು ನಿಧಾನವಾಗಿ ಮಾತಾಡಿದಳು. ದಾರಿ, ಚೀಲ, ಅಜ್ಜಿ, ನೀರು, ಎಲ್ಲವನ್ನೂ ಕೈ ಮಾಡಿ ತೋರಿಸಿದಳು. ಮೇಷ್ಟ್ರು ಅವಳ ತೋಳು ಹಿಡಿದು ಎಳೆದರು.

“ಸಾಕು ಬಿಡು! ನಮ್ಮ ಮಾನ ಹೋಗುತ್ತೆ!”

ಲಿಯೆನ್ ತೋಳು ಬಿಡಿಸಿಕೊಂಡಳು. ಈ ಸಲ ನಮ್ಮ ಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು. “ಹಲಗೆ ಕೆಳಗಿದ್ದೋರು ನೀವು. ಮೇಲಿದ್ದದ್ದು ನಾವು. ನಾನೂ ಅದೇ ದೋಣೀಲಿದ್ದೆ.”

ನರ್ಸಮ್ಮನ ಮುಖ ಸುಣ್ಣದಂತಾಗಿತ್ತು. ಅವಳು ನಡೆದು ಬಂದು ಮಗುವನ್ನು ಅಡ್ಡೆಯ ಮೇಲಿಂದ ನನ್ನ ಕಡೆ ಚಾಚಿದಳು. ನಾನು ಬಿದಿರು ಬಿಟ್ಟೆ. ಅಲ್ಲೇ ಕೂತು, ಸಿಪಾಯಿಗಳ ಎದುರು, ಸಮಿತಿಯವರ ಎದುರು, ರವಿಕೆ ಬಿಚ್ಚಿ ಮೊಲೆ ಕೊಟ್ಟೆ. ನೋಡುವವರು ನೋಡಲಿ. ಅವನು ಬಾಟಲಿ ಚಪ್ಪರಿಸಿದವನು, ಮೊದಲು ಮರೆತವನ ಹಾಗೆ ಮುಖ ತಿರುಗಿಸಿದ. ಆಮೇಲೆ ಹಿಡಿದ. ಹಲ್ಲಿಲ್ಲದ ಬಾಯಲ್ಲಿ ಕಚ್ಚಿದ.

ಹೊತ್ತು ಮುಳುಗಿತು. ಅವನು ಹೋಗಲಿಲ್ಲ.

ಅಜ್ಜಿ ಹೋದಳು. ಅದೇ ಮಳೆಗಾಲದಲ್ಲಿ. ಮಾತು ಕೊಟ್ಟಿದ್ದಳಲ್ಲ, ಪ್ರೇತಗಳು ಒಯ್ದವು ಎಂದರು ಜನ. ಸುಳ್ಳು. ಬಾವಿಯ ಹೊಲಸು ನೀರು ಕುಡಿದು ಭೇದಿ ಹತ್ತಿತು. ಆಚೆ ದಡದ ಆಸ್ಪತ್ರೆಗೆ ಕಳಿಸಿ ಎಂದು ಕಾಲು ಹಿಡಿದೆ. ಮುದುಕಿಗಾಗಿ ದೋಣಿ ಬಿಡುವುದಿಲ್ಲ ಎಂದರು. ಹೆಸರಿಲ್ಲದ ಮಗುವಿಗೆ ಇದ್ದ ದೋಣಿ ಹೆಸರಿದ್ದ ಅಜ್ಜಿಗೆ ಇರಲಿಲ್ಲ. ಗುಡ್ಡದ ಮೇಲೆ ಮಣ್ಣು ಮಾಡಿದೆವು. ಬಾಯಿಗೆ ಒಂದು ನಿಜವಾದ ವೀಳ್ಯದೆಲೆ ಇಡಬೇಕೆಂದು ದ್ವೀಪವೆಲ್ಲ ಅಲೆದೆ, ಸಿಗಲಿಲ್ಲ.

ಮೇಷ್ಟ್ರು, ಲಿಯೆನ್ ಹೊರಟುಹೋದರು. ಅವರ ಕರೆ ಬಂತು. ಏನೂ ಆಗದ ದೋಣಿಯವರಿಗೆ ಕರೆ ಬೇಗ ಬರುತ್ತದೆ. ಅವರ ಪೆಟ್ಟಿಗೆಯನ್ನು ಧಕ್ಕೆಗೆ ಹೊತ್ತವಳು ನಾನೇ. ಲಿಯೆನ್ ದೋಣಿ ಹತ್ತುವ ಮೊದಲು ನನ್ನ ಹೆಗಲಿನ ಗಂಟನ್ನು ಒಂದು ಸಲ ಮುಟ್ಟಿದಳು. ಅವಳು ಗಂಡನ ಪಕ್ಕದಲ್ಲೇ ಕೂತಳು. ಇನ್ನೆಲ್ಲಿ ಕೂರಬೇಕಿತ್ತು?

ನಾನು ಇಲ್ಲೇ ಇದ್ದೇನೆ. ದೇಶಗಳು ಬರುತ್ತವೆ, ಆಫೀಸಿನಲ್ಲಿ ಮೇಜು ಹಾಕಿ ಕೂರುತ್ತವೆ, ಹೋಗುತ್ತವೆ. ಎಲ್ಲರದ್ದೂ ಒಂದೇ ಪ್ರಶ್ನೆ: ‘ಮಗುವನ್ನು ಬಿಸಾಡಿದ ತಾಯಿ ನೀನೇ ಅಲ್ಲವೇ?’ ಹೌದು ಎನ್ನುತ್ತೇನೆ. ಯಾಕೆ ಎಂದು ಹೇಳುತ್ತೇನೆ. ಹೊಸ ದುಭಾಷಿ ನೆಲ ನೋಡಿಕೊಂಡು ನಗುತ್ತಾನೆ. ಇನ್ನೂ ವಿಚಾರಣೆ ಆಗಬೇಕು ಎನ್ನುತ್ತಾರೆ. ಹೋದ ತಿಂಗಳು ಒಬ್ಬ ಬಲು ವಿನಯದಿಂದ ಹೇಳಿದ, ಹುಡುಗನನ್ನು ಕೊಟ್ಟರೆ ಅವನು ನಾಳೆಯೇ ಹೋಗಬಹುದು, ನಿನ್ನದು ಆಮೇಲೆ ನೋಡೋಣ ಎಂದು. ನಾನು ಎದ್ದು ಬಂದೆ. ಅವತ್ತಿನ ಹಾಗೆ ನನಗೆ ಕೋಪವೂ ಬರಲಿಲ್ಲ. ಹೊರಗೆ ಡಬ್ಬಗಳು ಕಾಯುತ್ತಿದ್ದವು.

ಡೆಟ್ ಈಗ ಓಡುತ್ತಾನೆ. ನಾನು ನೀರು ತುಂಬಿಸುವಾಗ ಧಕ್ಕೆಯ ತುದಿಗೆ ಹೋಗಿ ನಿಲ್ಲುತ್ತಾನೆ. ಕಾಲಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದಿರುತ್ತೇನೆ. ನಿನ್ನೆ ಅಲ್ಲಿಂದಲೇ, “ಅಮ್ಮಾ!” ಎಂದು ಕರೆದ. ಹೊಸದಾಗಿ ದೋಣಿಯಲ್ಲಿ ಬಂದ ಹೆಂಗಸೊಬ್ಬಳು ಸಾಲಿನಲ್ಲಿದ್ದಳು. ಗಾಬರಿಯಾಗಿ ನನ್ನ ಕೈ ಹಿಡಿದಳು.

“ಅಯ್ಯೋ ಅಕ್ಕಾ, ನೀರಿನ ಹತ್ರ ಹಾಗೆ ಕರೆಸ್ಕೋಬೇಡಿ! ಅತ್ತೆ ಅನ್ನೋಕೆ ಕಲಿಸಿ. ಕೇಳಿಸ್ಕೊಂಡ್ಬಿಡ್ತಾವೆ!”

“ಕೇಳಿಸ್ಕೊಳ್ಳಲಿ,” ಎಂದೆ. “ಅವು ನಮ್ಮೋರೇ ಕಣೇ. ನನ್ನ ಮಗನ್ನ ಒಯ್ಯೋಕೆ ಬಂದೋರು ನೀರಿಂದ ಬರ್ಲಿಲ್ಲ.” ಆಮೇಲೆ ಅವನ ಕಡೆ ತಿರುಗಿದೆ. “ಡೆಟ್, ಇನ್ನೊಂದ್ಸಲ ಕರಿ. ಜೋರಾಗಿ. ಆಫೀಸಿನ ತನಕ ಕೇಳ್ಬೇಕು.”

ಅವನು ಕರೆದ. ನಾನು ಓ ಎಂದು ಅಡ್ಡೆ ಎತ್ತಿಕೊಂಡೆ.